ಹಲ್ಲು ದಾಟದ ಮಾತು

"ನನಗೆ ಯಾರ ಹೆದರಿಕೆ? ಬಸ್ಸಿನಲ್ಲಿ ಸೀಟಿಲ್ಲದಿದ್ದರೆ ನಾನು ಯಾಕೆ ಹೆದರಬೇಕು?" ಡೊಂಬಯ್ಯ ಕಾಗದವನ್ನು ಮಗಳ ಮುಂದೆ ಎಸೆದ.

ಹೈಸ್ಕೂಲಿಗೆ ಹೊರಟಿದ್ದ ಪ್ರೇಮಾವತಿ ಜಡೆ ಹೆಣೆಯುವುದನ್ನು ಬಿಟ್ಟು ಅದನ್ನು ಹೆಕ್ಕಿದಳು. "ಅದು ಹೆದರಿಕೆ ಅಲ್ಲ ಅಪ್ಪ, ಮರ್ಯಾದೆ. ಇಲ್ಲ ಅಂತ ಹೇಳುವ ಮೊದಲು 'ಐ ಆಮ್ ಅಫ್ರೇಡ್' ಅನ್ನಬೇಕಂತೆ."

"ಅಫ್ರೇಡ್ ಅಂದರೆ ಏನು, ಅದು ಹೇಳು."

"ಹೆದರಿಕೆ," ಎಂದಳು ಮೆಲ್ಲಗೆ.

"ಮತ್ತೆ?"

ಸ್ವಾತಂತ್ರ್ಯ ಬಂದ ವರ್ಷದಿಂದ, ಹದಿನೈದು ವರ್ಷ, ಡೊಂಬಯ್ಯ ಮೂಡುಬಿದಿರೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿಯುವ ಏಜೆಂಟ. ಬಸದಿ ನೋಡಲು ಬರುವ ಪರವೂರಿನವರಿಗೆ ಅವನ ಬಳಿ ಇದ್ದ ಇಂಗ್ಲಿಷು 'ಕಮ್', 'ನೋ ಸೀಟ್', ಬಸ್ಸು ಬಿಡುವಾಗ 'ರೈಟ್'. ಅಷ್ಟರಲ್ಲಿ ಯಾರೂ ದಾರಿ ತಪ್ಪಿರಲಿಲ್ಲ. ಈಗ ಬಸ್ಸುಗಳ ಒಡೆಯ ದೊಡ್ಡ ಧಣಿ ಹಾಸಿಗೆ ಹಿಡಿದು, ಬೊಂಬಾಯಿಯಲ್ಲಿ ಓದಿದ ಮಗ ಸುಧಾಕರ ಯಜಮಾನಿಕೆಗೆ ಬಂದಿದ್ದ. ಅವನಿಗೆ 'ನೋ ಸೀಟ್' ಎಂಬುದು ನಾಯಿ ಬೊಗಳಿದ ಹಾಗೆ ಕೇಳಿಸುತ್ತಿತ್ತಂತೆ. ಒಂದೇ ಮಾತನ್ನು ಐದಾರು ಬಗೆಯಲ್ಲಿ ನಯವಾಗಿ ಹೇಳುವುದನ್ನು ಆ ಕಾಗದದಲ್ಲಿ ಬರೆದುಕೊಟ್ಟು, ಶನಿವಾರದೊಳಗೆ ಬಾಯಿಪಾಠ ಆಗದಿದ್ದರೆ ಟಿಕೆಟ್ ಪುಸ್ತಕ ಕೆಳಗಿಟ್ಟು ಶೆಡ್ಡಿನಲ್ಲಿ ಬಸ್ಸು ತೊಳೆಯಬೇಕು ಎಂದಿದ್ದ. ಅದನ್ನೂ 'ನೀನು' ಎಂದೇ ಹೇಳಿದ್ದ. ಅವನಪ್ಪ ಒಂದು ದಿನವೂ ಹಾಗೆ ಕರೆದವರಲ್ಲ.

ಡೊಂಬಯ್ಯ ಹಲ್ಲು ಕಚ್ಚಿ ಕಲಿತ. 'ಕೈಂಡ್ಲಿ ಬಿ ಸೀಟೆಡ್' ಬಂತು. 'ಪ್ಲೀಸ್ ಬೇರ್ ವಿತ್ ಅಸ್' ಬಂತು, 'ಬೇರ್' ಎಂದರೆ ಕರಡಿ ಎಂದು ಮಗಳ ಪುಸ್ತಕದಲ್ಲಿ ಕಂಡು ಸಿಟ್ಟೂ ಬಂತು. ಹೆದರಿಕೆಯ ಮಾತು ಮಾತ್ರ ನಾಲಗೆಯ ತನಕ ಬಂದು ಹಲ್ಲು ದಾಟಲಿಲ್ಲ.

ಶನಿವಾರ ಬೆಳಿಗ್ಗೆ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಭರ್ತಿಯಾಗಿ ನಿಂತಿತ್ತು. ಮುಂದಿನ ಸೀಟಿನಲ್ಲಿ ಶಿರ್ತಾಡಿಯ ಪೂವಮ್ಮ, ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮಗ ಹುಕ್ರಪ್ಪನ ತೋಳು ಹಿಡಿದು ಕೂತಿದ್ದಳು. ಅಷ್ಟರಲ್ಲಿ ಸುಧಾಕರ ಬೊಂಬಾಯಿಯ ಗೆಳೆಯನನ್ನೂ ಅವನ ಹೆಂಡತಿಯನ್ನೂ ಕರಕೊಂಡು ಬಂದ. ಬಸ್ಸಿನೊಳಗೆ ಒಮ್ಮೆ ಇಣುಕಿದ.

"ಮುಂದಿನ ಇಬ್ಬರನ್ನು ಇಳಿಸು. ಅವರು ಹತ್ತೂವರೆಯ ಬಸ್ಸಿಗೆ ಹೋಗ್ತಾರೆ."

"ಹನ್ನೊಂದಕ್ಕೆ ಆ ಅಮ್ಮನಿಗೆ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಉಂಟು, ಧಣಿ. ಟಿಕೆಟ್ ನಾನೇ ಹರಿದದ್ದು."

"ನೀನು ಹರಿದರೆ ಬಸ್ಸು ನಿನ್ನದಾಯ್ತಾ? ಇಳಿಸ್ತೀಯೋ, ಪುಸ್ತಕ ಕೆಳಗಿಡ್ತೀಯೋ? ಇಂಗ್ಲಿಷಿನಲ್ಲೇ ಹೇಳು, ಇವರಿಗೂ ನಿನ್ನ ಪಾಠ ಕೇಳಲಿ."

ಒಳಗೆ ಪೂವಮ್ಮನಿಗೆ ಇದೆಲ್ಲ ಕೇಳಿಸಿತ್ತು. ಕಾಲಡಿಯ ಗಂಟನ್ನು ಕೈಯಿಂದ ತಡಕಾಡುತ್ತಾ, "ಧಣಿಗಳು ಹೇಳಿದ ಮೇಲೆ ಇಳಿಯುವಾ, ಮಗ," ಎಂದು ಏಳಲು ನೋಡಿದಳು. ಡೊಂಬಯ್ಯನ ಕಿವಿ ಸುಟ್ಟ ಹಾಗಾಯಿತು.

"ಐ ಆಮ್ ನಾಟ್ ಅಫ್ರೇಡ್," ಎಂದ. "ನೋ ಸೀಟ್."

ಮತ್ತೆ ಬಸ್ಸಿನ ಬದಿಗೆ ಎರಡು ಸಲ ಬಡಿದು "ರೈಟ್" ಎಂದ. ಹದಿನೈದು ವರ್ಷ ಅದೇ ಬಡಿತ ಕೇಳಿ ಬಸ್ಸು ಬಿಟ್ಟ ಡ್ರೈವರ್ ಲೋಕಯ್ಯ ಹಿಂದೆ ತಿರುಗಿಯೂ ನೋಡದೆ ಹೊರಟುಬಿಟ್ಟ. ಪೂವಮ್ಮ ಹೇಗೆ ಎದ್ದಿದ್ದಳೋ ಹಾಗೆಯೇ ಸೀಟಿಗೆ ಕುಸಿದಳು.

ಸುಧಾಕರ ಕೈ ಚಾಚಿದ. ಡೊಂಬಯ್ಯ ಟಿಕೆಟ್ ಪುಸ್ತಕ ಕೊಟ್ಟ. ಕಿವಿಯ ಮೇಲಿದ್ದ ಪೆನ್ಸಿಲನ್ನೂ ತೆಗೆದು ಅದರ ಮೇಲಿಟ್ಟ.

ಬೊಂಬಾಯಿಯ ಹೆಂಗಸು ಏನೂ ಅರ್ಥವಾಗದೆ ಸೆರಗು ತಲೆಗೆಳೆದುಕೊಂಡು ಬಿಸಿಲಲ್ಲಿ ನಿಂತಿದ್ದಳು. ಶೆಡ್ಡಿನ ಕಡೆ ನಾಲ್ಕು ಹೆಜ್ಜೆ ಹೋಗಿದ್ದ ಡೊಂಬಯ್ಯ ತಿರುಗಿ ಬಂದ. ಹೆಗಲ ಬೈರಾಸು ತೆಗೆದು ನೆರಳಿನ ಬೆಂಚನ್ನು ಈ ತುದಿಯಿಂದ ಆ ತುದಿಯ ತನಕ ಒರೆಸಿದ.

"ಕೈಂಡ್ಲಿ ಬಿ ಸೀಟೆಡ್, ಮೇಡಂ."

ಒಂದಕ್ಷರವೂ ತಪ್ಪಲಿಲ್ಲ. ಅವಳು ಕೂತಳು. ಅವನು ಬೈರಾಸನ್ನು ಜೋರಾಗಿ ಕೊಡವಿದ. ಕೆಂಪು ಧೂಳು ಎದ್ದು, ನಿಂತೇ ಇದ್ದ ಸುಧಾಕರನ ಬಿಳಿ ಪ್ಯಾಂಟಿನ ಸುತ್ತ ನಿಧಾನಕ್ಕೆ ಇಳಿಯಿತು.