ಹಲಸಿನ ಮಣೆ

ಎಲೆಯ ತುದಿಗೆ ಇನ್ನೊಂದು ಸೌಟು ಕೋಳಿ ಸಾರು ಬಡಿಸಿ ಕುಶಲಾ ಹಿಮ್ಮುಖವಾಗಿಯೇ ಕೋಣೆಯಿಂದ ಹೊರಬಂದು ಬಾಗಿಲು ಎಳೆದುಕೊಂಡಳು. ಇನ್ನು ಸ್ವಲ್ಪ ಹೊತ್ತು ಯಾರೂ ಒಳಗೆ ಕಾಲಿಡಬಾರದು. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಹೀಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗುವಷ್ಟು ಹೊತ್ತು ಹೊರಗೆ ಸುಮ್ಮನೆ ಕಾಯುವುದು ಆ ಮನೆಯ ಪದ್ಧತಿ. ಒಳಗೆ ಉರಿಯುವ ದೀಪ, ಬಾಳೆಲೆ, ಎಲೆಯ ಮುಂದೆ ಗಂಡ ಉಮಾನಾಥ ಕೂರುತ್ತಿದ್ದ ಹಲಸಿನ ಮಣೆ. ಊಟದ ಮೇಜು ಬಂದ ಮೇಲೂ ಆ ಪುಣ್ಯಾತ್ಮ ಮಣೆ ಬಿಟ್ಟವನಲ್ಲ.

ಆಗ ಶಬ್ದ ಬಂತು. ಟಣ್. ಟಣ್.

ಕುಶಲಾ ಮನೆಯ ಮುಂದಿನ ಕಾರಿನ ಶೆಡ್ಡಿನ ಕಡೆಗೆ ಕಿವಿಗೊಟ್ಟಳು. ಉಮಾನಾಥ ಕಾರಿನ ಅಡಿಯಲ್ಲಿ ಮಲಗಿ ಸ್ಪ್ಯಾನರಿನಿಂದ ತಗಡಿಗೆ ಎರಡು ಬಾರಿ ಬಡಿದನೆಂದರೆ ಚಾ ಬೇಕು ಎಂದು ಅರ್ಥ. ಬಾಯಿ ಬಿಟ್ಟು ಕೇಳಲು ಅವನಿಗೆ ಏನು ದಾಡಿಯೋ, ಅವಳೂ ಅಡುಗೆಮನೆಯಿಂದಲೇ "ಬಂದೆ" ಎನ್ನುತ್ತಿದ್ದಳು. ಅವನು ಹೋದ ಮೇಲೆ ಪಕ್ಕದ ಮನೆಯ ಸಿಸಿಲಿಯಾ ಬಾಯಿ ಒಂದು ಸಂಜೆ ಬೇಲಿಯ ಹತ್ತಿರ ನಿಂತು, "ಕುಶಲಾ, ನಿಮ್ಮ ಶೆಡ್ಡಿನಲ್ಲಿ ಎಂತದೋ ಉಂಟು. ನಾನು ಪ್ರಾರ್ಥನೆಗೆ ಕೂತಾಗ ಬಡಿಯುದು ಕೇಳ್ತದೆ" ಎಂದಿದ್ದಳು. ಹೆದರಿಕೆ ಆದದ್ದು ಹೌದು. ಆದರೆ ಹೆದರಿಕೆಗಿಂತ ಹೆಚ್ಚಾಗಿ, ಯಾರ ಮುಂದೆಯೂ ಹೇಳಲಾಗದ ಒಂದು ಸಮಾಧಾನವೂ ಆಗಿತ್ತು. ಬಡಿಯುತ್ತಿದ್ದಾರೆಂದರೆ ಇನ್ನೂ ಇಲ್ಲೇ ಇದ್ದಾರೆ. ಆದ್ದರಿಂದಲೇ ಆ ಅಂಬಾಸಿಡರ್ ಕಾರನ್ನು ಅವಳು ಮಾರಲೂ ಇಲ್ಲ, ಮುಟ್ಟಗೊಡಲೂ ಇಲ್ಲ. ಶೆಡ್ಡಿನತ್ತ ತೆರೆಯುವ ಮುಂಬಾಗಿಲಿಗೆ ಅಗಳಿ ಹಾಕಿ, ಎರಡು ವರ್ಷದಿಂದ ಹಿತ್ತಿಲ ಬಾಗಿಲಲ್ಲೇ ಓಡಾಡುತ್ತಿದ್ದಳು.

ಉಮಾನಾಥ ಮಸ್ಕತ್ತಿನಿಂದ ಹಿಂದಿರುಗಿದ ಮೇಲೆ ಕೊಂಡ ಕಾರು ಅದು. ಉದ್ಯಾವರದ ಗಾಳಿಯಲ್ಲಿ ಉಪ್ಪು ಇರುವುದರಿಂದ ಕಬ್ಬಿಣ ಇಲ್ಲಿ ಬೇಗ ಮುಪ್ಪಾಗುತ್ತದೆ. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದಾಗಲೆಲ್ಲ ಅವನು ಅದರ ಮೇಲೆ ಕಪ್ಪು ಬಣ್ಣ ಬಳಿದು, ಹೊಸ ಮದುಮಗಳನ್ನು ನೋಡುವಂತೆ ನೋಡುತ್ತಿದ್ದ. ಅವನು ಹೋದ ದಿನವೂ ಮುಂದಿನ ಎಡಚಕ್ರ ಕಳಚಿ, ಅಡಿಗೆ ಎರಡು ಕೆಂಪುಕಲ್ಲು ಇಟ್ಟು ಒಳಗೆ ನುಗ್ಗಿದ್ದ. ಅವಳು ಬೇಡವೆಂದಾಗ ನಕ್ಕುಬಿಟ್ಟಿದ್ದ. "ಈ ಕಲ್ಲಿನ ಮೇಲೆ ಇಡೀ ಮನೆ ನಿಂತಿದೆ ಮಾರಾಯ್ತಿ, ಒಂದು ಕಾರು ನಿಲ್ಲುದಿಲ್ವಾ?"

ಈ ಕರಾವಳಿಯಲ್ಲಿ ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಮನೆಗೆ, ಬಾವಿಗೆ, ಗೋಡೆಗೆ ಅದೇ ಕಲ್ಲು. ಆದರೆ ಗೋಡೆಯಲ್ಲಿ ಸಾಲಾಗಿ ಕೂತು ಭಾರ ಹಂಚಿಕೊಳ್ಳುವ ಕಲ್ಲು, ಮಳೆ ನೀರು ಕುಡಿದು ಒಂಟಿಯಾಗಿ ಒಂದೇ ಕಡೆ ಭಾರ ಹೊತ್ತರೆ ಪುಡಿಯಾಗುತ್ತದೆ. ಪುಡಿಯಾಯಿತು. ನೆರೆಹೊರೆಯವರು ಓಡಿಬಂದು ಕಾರು ಎತ್ತಿ ಅವನನ್ನು ಎಳೆದರು. ಆ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಅದೇ ಜಾತಿಯ ಕಲ್ಲುಗಳನ್ನು ಪೇರಿಸಿ ಕಾರನ್ನು ಅದರ ಮೇಲೆ ಕೂರಿಸಿದರು. ಅಂದಿನಿಂದ ಅದು ಹಾಗೇ ಕೂತಿತ್ತು, ಕಳಚಿದ ಚಕ್ರ ಗೋಡೆಗೆ ಒರಗಿತ್ತು.

ಟಣ್. ಟಣ್. ಸ್ವಲ್ಪ ತಡೆದು, ಡಬ್.

ಮೂರನೆಯದು ಅವನದಲ್ಲ. ಅವನು ಎಂದೂ ಮೂರು ಬಾರಿ ಬಡಿದವನಲ್ಲ. ಕುಶಲಾಳಿಗೆ ಬೆಳಗಿನ ಜಗಳ ನೆನಪಾಯಿತು.

ಮಗಳು ದೀಕ್ಷಿತಾ ಮಣಿಪಾಲದಲ್ಲಿ ಕೆಲಸಕ್ಕಿದ್ದು, ಪರ್ಕಳದಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದಳು. ಕೋಣೆಯ ಕೆಳಗೇ ಬ್ರ್ಯಾಂಡನ್ ಎಂಬವನ ಗ್ಯಾರೇಜು. ರಜೆಯಲ್ಲಿ ಅಲ್ಲೇ ನಿಂತು ಕೆಲಸ ಕಲಿತ ಹುಡುಗಿ, ಬೆಳಿಗ್ಗೆ ರಿಕ್ಷಾದಲ್ಲಿ ಜಾಕು, ಕಬ್ಬಿಣದ ಸ್ಟ್ಯಾಂಡು, ಹಲಗೆ ತುಂಡುಗಳನ್ನು ಹೇರಿಕೊಂಡು ಬಂದಿಳಿದಿದ್ದಳು.

"ಕಾರಿಗೆ ಚಕ್ರ ಹಾಕ್ತೇನೆ. ಆ ಕಲ್ಲು ಇನ್ನೊಂದು ಮಳೆಗಾಲ ನಿಲ್ಲುದಿಲ್ಲ ಅಮ್ಮ. ಸಿಸಿಲಿಯಾ ಬಾಯಿಯ ಮೊಮ್ಮಕ್ಕಳು ಅಲ್ಲೇ ಚೆಂಡು ಹುಡುಕ್ಲಿಕ್ಕೆ ನುಗ್ಗುದು."

"ಅಪ್ಪನನ್ನು ತಿಂದದ್ದು ಸಾಕಾಗ್ಲಿಲ್ವಾ ಅದಕ್ಕೆ? ನೀನೂ ಹೋಗ್ಬೇಕಾ?"

"ನಾನು ಅಡಿಗೆ ಹೋಗುದೇ ಇಲ್ಲ. ಚಕ್ರ ಹಾಕ್ಲಿಕ್ಕೆ ಅಡಿಗೆ ಹೋಗುದು ಎಂತಕ್ಕೆ?"

ಬೇಡವೆಂದರೆ ಬೇಡ ಎಂದು ಕುಶಲಾ ಮಾತು ಮುಗಿಸಿದ್ದಳು. ಮುಗಿಯಿತೆಂದುಕೊಂಡಿದ್ದಳು.

ಅಗಳಿ ತುಕ್ಕು ಹಿಡಿದಿತ್ತು. ಎರಡೂ ಕೈಯಿಂದ ಎಳೆದಾಗ ಮುಂಬಾಗಿಲು ಕಿರುಗುಟ್ಟಿ ತೆರೆಯಿತು. ಮಳೆ ಬಿಟ್ಟ ಸಂಜೆಯ ಬೆಳಕಿನಲ್ಲಿ ಮೊದಲು ಕಂಡದ್ದು ಕಾರಿನ ಪಕ್ಕ ಚಾಚಿದ ಎರಡು ಪಾದ.

"ಮಗಾ!"

ಪಾದಗಳು ಅಲುಗಿದವು. ಗೋಣಿಯ ಮೇಲೆ ಮಲಗಿದ್ದ ದೀಕ್ಷಿತಾ ತಟ್ಟನೆ ಎದ್ದು ಕೂತಳು. ತಲೆ, ಮೈ ಎಲ್ಲ ಹೊರಗೇ ಇತ್ತು. ಕೈ ಮಾತ್ರ ಅಡಿಗೆ ಹೋಗಿತ್ತು, ಕೈಯಲ್ಲಿ ಸ್ಕ್ರೂಡ್ರೈವರಿತ್ತು.

"ನೋಡಮ್ಮ, ಹೊರಗೇ ಇದ್ದೇನೆ. ಗಟ್ಟಿ ಎಲ್ಲಿ ಉಂಟು ಅಂತ ಬಡಿದು ನೋಡುದು ಅಷ್ಟೇ. ಈ ಪಟ್ಟಿ ಕೇಳು." ಡಬ್ ಎಂದಿತು. "ಮೇಲೆ ಬಣ್ಣ, ಒಳಗೆ ಟೊಳ್ಳು. ಇಲ್ಲಿ ಜಾಕ್ ಕೊಟ್ಟರೆ ಹಪ್ಪಳದ ಹಾಗೆ ಮುರೀತದೆ. ಇಂಜಿನಿನ ಅಡಿಯ ಅಡ್ಡಪಟ್ಟಿ ಮಾತ್ರ ಗಟ್ಟಿ." ಟಣ್, ಟಣ್.

ಕುಶಲಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಣ್ಣು ತುಂಬಿತು. ಮಗಳು ಬದುಕಿದ್ದಾಳೆಂಬ ನೆಮ್ಮದಿ ಒಂದು ಕಡೆ, ಬಡಿದದ್ದು ಅವನಲ್ಲವೆಂಬ ಸಂಕಟ ಇನ್ನೊಂದು ಕಡೆ.

"ಒಂದೇ ತೊಂದರೆ" ಎಂದಳು ದೀಕ್ಷಿತಾ, ತಾಯಿಯ ಮುಖ ನೋಡದೆ. ಹಿಂದಿನ ಚಕ್ರಗಳಿಗೆ ಆಗಲೇ ಮರದ ಬೆಣೆ ಕೊಟ್ಟಿದ್ದಳು. ಸ್ಟ್ಯಾಂಡಿನ ಅಡಿಗೂ ಹಲಗೆ ಸಿಕ್ಕಿತ್ತು. "ನೆಲ ಇಡೀ ಕೆಸರು. ಜಾಕಿನ ಅಡಿಗೆ ಅಗಲದ್ದು, ಗಟ್ಟಿಯದ್ದು ಎಂತಾದ್ರೂ ಬೇಕು. ನಾನು ತಂದ ಹಲಗೆ ಸಾಕಾಗುದಿಲ್ಲ."

ಕುಶಲಾ ಮೆಟ್ಟಿಲಿಳಿದಳು. ಇಳಿದದ್ದು ಅವಳಿಗೇ ತಿಳಿಯಲಿಲ್ಲ. ಬಾವಿಕಟ್ಟೆಯ ಪಕ್ಕ ಬಿದ್ದಿದ್ದನ್ನು ಎರಡೂ ಕೈಯಲ್ಲಿ ಎತ್ತಿ ತಂದು, "ಇದು ಆಗ್ತದಾ?" ಎಂದಳು.

ದೀಕ್ಷಿತಾಳ ಕಣ್ಣು ತಾಯಿಯ ಕೈಯಲ್ಲೇ ನೆಟ್ಟಿತು. ಕುಶಲಾ ತನ್ನ ಕೈಯನ್ನು ತಾನೇ ನೋಡಿದಳು. ಕೆಂಪುಕಲ್ಲು. ಹುಟ್ಟಿದಂದಿನಿಂದ ಏನು ಬೇಕಾದರೂ ಕೈ ಹೋಗುವುದೇ ಅದಕ್ಕೆ. ಕಲ್ಲನ್ನು ಅಲ್ಲೇ ಎಸೆದು ಅವಳು ಸೆರಗಿಗೆ ಕೈ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು.

ಆಮೇಲೆ ಒಳಗೆ ಹೋದಳು. ಮುಚ್ಚಿದ ಕೋಣೆಯ ಮುಂದೆ ನಿಂತು ಮೆಲ್ಲಗೆ ಕೆಮ್ಮಿದಳು. ಹೊತ್ತಿಗೆ ಮುಂಚೆ ಬಾಗಿಲು ತೆಗೆದರೆ ಉಣ್ಣುತ್ತಿದ್ದವರು ಅರ್ಧಕ್ಕೆ ಎದ್ದು ಹೋಗುತ್ತಾರೆಂದು ಅತ್ತೆ ಹೇಳಿದ್ದರು. ಅವಳು ಬಾಗಿಲು ತೆಗೆದಳು. ದೀಪ ಉರಿಯುತ್ತಿತ್ತು, ಎಲೆಯ ಮೇಲಿನದು ಹಾಗೇ ಇತ್ತು.

"ಸ್ವಲ್ಪ ಏಳಿ" ಎಂದಳು ಕುಶಲಾ. "ಮಗಳಿಗೆ ಬೇಕಂತೆ."

ಮಣೆ ಎತ್ತಿಕೊಂಡು ಬಂದದ್ದನ್ನು ಕಂಡು ದೀಕ್ಷಿತಾ ಬೆಚ್ಚಿದಳು. "ಅಮ್ಮ, ಇದು ಅಪ್ಪನದ್ದು. ಈಗ ಬಡಿಸಿದ್ದಲ್ವಾ?"

"ಹಲಸಿನದ್ದು. ನನ್ನ ಮಾವ ಮಾಡಿಸಿದ್ದು. ಇಡು."

ಮಣೆಯ ಮೇಲೆ ಜಾಕು ಕೂತಿತು, ಜಾಕಿನ ತಲೆಗೆ ಚಿಕ್ಕ ಮರದ ತುಂಡು, ಅದರ ಮೇಲೆ ಅಡ್ಡಪಟ್ಟಿ. ದೀಕ್ಷಿತಾ ಹಿಡಿ ಅಮುಕಿದಳು, ನಿಲ್ಲಿಸಿ ಬಗ್ಗಿ ನೋಡಿದಳು, ಮತ್ತೆ ಅಮುಕಿದಳು. ಕಾರು ಮುಲುಗುತ್ತಾ ಕೂದಲೆಳೆಯಷ್ಟೇ ಎದ್ದಿತು. ಕುಶಲಾ ಮಗಳ ಅಂಗಿಯ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. "ಬಿಡಮ್ಮ, ಕೈ ಆಡ್ಸಲಿಕ್ಕೆ ಆಗುದಿಲ್ಲ" ಎಂದರೂ ಬಿಡಲಿಲ್ಲ. ಸ್ಟ್ಯಾಂಡು ಒಳಗೆ ಸರಿದು ಭಾರ ಹೊತ್ತುಕೊಂಡ ಮೇಲೆ ದೀಕ್ಷಿತಾ ಉದ್ದದ ಕೋಲಿನಿಂದ ಕಲ್ಲುಗಳನ್ನು ದೂಡಿದಳು. ಮೇಲಿನ ಕಲ್ಲು ಕೋಲು ತಾಗಿದ್ದೇ ತಡ, ನೆನೆದ ರೊಟ್ಟಿಯಂತೆ ಕುಸಿಯಿತು. ದೀಕ್ಷಿತಾ ಆ ಕೆಂಪು ಪುಡಿಯನ್ನು ಕೋಲಿನಿಂದಲೇ ಬದಿಗೆ ಸರಿಸಿದಳು.

ಚಕ್ರ ಹಾಕಿ ಕಾರು ಇಳಿಸುವಷ್ಟರಲ್ಲಿ ಬೆಳಕು ಕಂದಿತ್ತು. ಕಾರು ನೆಟ್ಟಗೆ ನಿಂತಿತು, ಪಾಪದ ಪ್ರಾಣಿಯ ಹಾಗೆ. ಕೆಸರಿನಿಂದ ಬಿಡಿಸಿದ ಮಣೆಯನ್ನು ದೀಕ್ಷಿತಾ ಬಾವಿಯ ನೀರಿನಲ್ಲಿ ತೊಳೆದಳು. ಮಣೆ ಸೀಳಿರಲಿಲ್ಲ. ನಡುವೆ ಮಾತ್ರ ಜಾಕಿನ ಬುಡದ ಅಚ್ಚು ಆಳವಾಗಿ ಮೂಡಿತ್ತು.

"ಗುಂಡಿ ಬಿತ್ತಲ್ಲ ಅಮ್ಮ. ಬರುವ ಆಟಿಗೆ ಬೇರೆ ಮಣೆ ಇಡುದಾ?"

"ಬೇಡ. ಇದನ್ನೇ ಇಡುವ" ಎಂದಳು ಕುಶಲಾ. "ಕೂತಾಗ ಅವರಿಗೆ ಗೊತ್ತಾಗ್ತದೆ."

ಅವಳು ಮಣೆಯನ್ನು ಸೆರಗಿನಿಂದ ಒರೆಸಿ, ಮುಂಬಾಗಿಲಿನಿಂದಲೇ ಒಳಗೆ ಹೋಗಿ ಎಲೆಯ ಮುಂದೆ ಇಟ್ಟಳು. ಹೊರಗೆ ದೀಕ್ಷಿತಾ ಚಕ್ರದ ನಟ್ಟುಗಳನ್ನು ಕೊನೆಯ ಸಲ ಬಿಗಿಮಾಡಿ, ಸ್ಪ್ಯಾನರಿನಿಂದ ಸುಮ್ಮನೆ ತಟ್ಟಿ ನೋಡಿದಳು. ಟಣ್. ಟಣ್.

"ಬಂದೆ" ಎಂದು ಕುಶಲಾ ಒಲೆಯ ಮೇಲೆ ಚಾಕ್ಕೆ ನೀರಿಟ್ಟಳು. ಮುಂಬಾಗಿಲು ತೆರೆದೇ ಇತ್ತು.