ಶುಭ ಶುಕ್ರವಾರದ ಪಾಕ

ನನ್ನ ಯಜಮಾನರಾದ ಅಡೆಲಾರ್ ತೀರಿಕೊಂಡ ಮೇಲೆ ಬಂದ ಮೊದಲ ವಸಂತದಲ್ಲಿ, ಶುಭ ಶುಕ್ರವಾರದ ದಿನವೇ ಮೇಪಲ್ ಮರಗಳು ಧಾರಾಳವಾಗಿ ರಸ ಬಿಟ್ಟವು. ರಾತ್ರಿ ನೀರು ಗಡ್ಡೆ ಕಟ್ಟುವ ಚಳಿ, ಬೆಳಗ್ಗೆ ಎಳೆಬಿಸಿಲು. ಮರಗಳಿಗೆ ನೇತುಹಾಕಿದ್ದ ಬಕೆಟ್ಟುಗಳು ಹತ್ತು ಗಂಟೆಗೇ ತುಂಬಿ ಸುರಿಯುತ್ತಿದ್ದವು. ಹುಳಿಯುವ ರಸಕ್ಕೆ ಹಬ್ಬವೂ ಗೊತ್ತಿಲ್ಲ, ಉಪವಾಸವೂ ಗೊತ್ತಿಲ್ಲ. ಕಾಯಿಸಿ ಸಿಹಿ ಪಾಕ ಮಾಡದೆ ಬಿಡುವಂತಿರಲಿಲ್ಲ.

ನಲವತ್ತೊಂದು ವರ್ಷ ಅದನ್ನು ಕಾಯಿಸಿದವರು ನನ್ನ ಯಜಮಾನರು. ಶುಭ ಶುಕ್ರವಾರವೆಲ್ಲ ನಾನು ಚರ್ಚಿನಲ್ಲಿರುತ್ತಿದ್ದೆ. ಆ ದಿನ ಪಾಕ ತೆಗೆದ ವರ್ಷಗಳಲ್ಲಿ, ನಾನು ಸಂಜೆ ಬರುವಷ್ಟರಲ್ಲಿ ಅದರ ಡಬ್ಬಿಗೆ ಕೆಂಪು ಉಣ್ಣೆಯ ದಾರ ಕಟ್ಟಿ ಬೇರೆ ಇಟ್ಟಿರುತ್ತಿದ್ದರು. ಯಾಕೆಂದು ಕೇಳಿದರೆ, "ಅದು ಭಾನುವಾರದ ಪಾಸ್ಖ ಹಬ್ಬಕ್ಕೆ, ಡೆಲಿಮಾ" ಎನ್ನುತ್ತಿದ್ದರು, ಅಷ್ಟೆ. ಒಳ್ಳೆಯದನ್ನು ಹಬ್ಬಕ್ಕೆ ಎತ್ತಿಡುತ್ತಾರೆ ಎಂದುಕೊಂಡಿದ್ದೆ.

ಈ ವರ್ಷ ರಸ ಹೊರಲು ಬಂದವನು ಮೈದುನ ಒಡಿಲೋನ್. ತಿಂಗಳ ಮೊದಲೇ ಅವನು ಕಡ್ಡಿ ಮುರಿದಂತೆ ಹೇಳಿದ್ದ: "ಕಾಯಿಸೋ ಕೈ ಇಲ್ದೆ ತೋಪು ಇಟ್ಕೊಂಡು ಏನ್ ಮಾಡ್ತೀರಿ ಅತ್ತಿಗೆ? ಗರಗಸದ ಮಿಲ್ಲಿನೋರು ಮರ ಕೇಳ್ತಿದಾರೆ. ಇರೋದೊಂದು ಕೊಪ್ಪರಿಗೆ. ಮೊದಲ ಪಾಕದಲ್ಲೇ ನೀವು ಅದನ್ನ ಸೀಯಿಸಿದ್ರೆ ಕಡಿಸಿಬಿಡೋಣ, ಇಲ್ದಿದ್ರೆ ತೋಪು ಇರ್ಲಿ." ನಾನೂ ಹಟಕ್ಕೆ ಬಿದ್ದು ಒಪ್ಪಿದ್ದೆ. ಅಡೆಲಾರ್ ಒಂದೊಂದು ಮರವನ್ನೂ ತಟ್ಟಿ ಮಾತಾಡಿಸುತ್ತಿದ್ದ ತೋಪು ಅದು.

ಕೊಪ್ಪರಿಗೆಯ ಮೇಲೆ ಹಂದಿಕೊಬ್ಬಿನ ತುಂಡೊಂದು ದಾರದಲ್ಲಿ ನೇತಾಡುತ್ತಿರುತ್ತದೆ. ನೊರೆ ಉಕ್ಕಿ ಅದಕ್ಕೆ ತಗುಲಿದರೆ ಇಳಿಯುತ್ತದೆ. ನಮ್ಮ ಕ್ವೆಬೆಕ್ ಸೀಮೆಯ ಪಾಕದ ಮನೆಗಳಲ್ಲಿ ಹಿರಿಯರ ಕಾಲದಿಂದಲೂ ಹೀಗೆಯೇ. ಆ ಬೆಳಗ್ಗೆ ನಾನು ಅದನ್ನು ಕೈ ಸೋಕದಂತೆ ಬಟ್ಟೆಯಲ್ಲೇ ಹಿಡಿದು ಬಿಚ್ಚಿ, ಗಂಟು ಕಟ್ಟಿ, ಗೋಡೆಯ ಹಲಗೆಯ ಮೇಲಿಟ್ಟೆ.

"ಅದನ್ಯಾಕೆ ಬಿಚ್ಚಿದ್ರಿ?" ಎಂದ ಒಡಿಲೋನ್.

"ಸ್ವಾಮಿ ಶಿಲುಬೇಲಿ ಪ್ರಾಣ ಬಿಟ್ಟ ದಿನ ಕಣೋ. ಮಾಂಸ ತಗುಲಿದ ಪಾಕ ನಾನು ಕಾಯಿಸೋಳಲ್ಲ."

"ಹಂದಿ ಸತ್ತು ನಾಲ್ಕು ತಿಂಗಳಾಯ್ತು. ಅದರ ಕೈಲೂ ಉಪವಾಸ ಮಾಡಿಸ್ತೀರಾ? ಮುಟ್ಟೋದು ನೀವಲ್ಲ, ನೊರೆ. ನಮ್ಮಣ್ಣ ಈ ದಿನ..."

"ಅವರ ಹೆಸರು ಎತ್ತಬೇಡ!"

ಅವನು ಖಾಲಿ ಬಕೆಟ್ ಎತ್ತಿಕೊಂಡ. "ಸರಿ ಬಿಡಿ. ಜಪ ಮಾಡ್ತಾ ಕಣ್ಣು ಮಾತ್ರ ಮುಚ್ಚಬೇಡಿ" ಎಂದು ಕುದುರೆಯ ಜಾರುಬಂಡಿ ಹೊಡೆದುಕೊಂಡು ತೋಪಿಗೆ ಹೋದ.

ನಾನು ಜಪಸರ ಹಿಡಿದು ಒಲೆಯ ಪಕ್ಕ ಕೂತೆ. ನೀರಿನಂತಿದ್ದ ರಸ ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿತು. ಜಪದಲ್ಲಿ ಸ್ವಾಮಿಗೆ ಮುಳ್ಳಿನ ಕಿರೀಟ ತೊಡಿಸಿದ ಧ್ಯಾನಕ್ಕೆ ಬಂದಿದ್ದೆ, ಕೊಪ್ಪರಿಗೆಯ ಸದ್ದು ಬದಲಾಯಿತು. ತಲೆ ಎತ್ತುವಷ್ಟರಲ್ಲಿ ನೊರೆ ಅಂಚಿಗೆ ಬಂದಿತ್ತು.

ಪೀಪಾಯಿಯಿಂದ ಒಂದು ಸೌಟು ತಣ್ಣನೆಯ ರಸ ಹುಯ್ದೆ. ನೊರೆ ತಗ್ಗಿತು. ಹತ್ತು ಎಣಿಸುವಷ್ಟರಲ್ಲಿ ಮತ್ತೆ ಎದ್ದಿತು. ಮತ್ತೊಂದು ಸೌಟು, ಮತ್ತೊಂದು. ನಾಲ್ಕನೆಯದಕ್ಕೆ ಸೌಟು ಪೀಪಾಯಿಯ ತಳ ಗೀರಿತು. ನೊರೆ ಅಂಚು ದಾಟಿ ಒಲೆಗೆ ಸುರಿಯಿತು. ಸುಟ್ಟ ಸಕ್ಕರೆಯ ಹೊಗೆ ಕಣ್ಣಿಗೆ ಹೊಡೆಯಿತು. ಕೆಳಗೆ ಪಾಕ ಎಷ್ಟು ಉಳಿದಿದೆಯೋ ಕಾಣದು. ತಳ ಒಂದು ಬೆರಳಗಲ ಬರಿದಾದರೂ ಸಾಕು, ತಗಡು ಸುಟ್ಟು ಬೆಸುಗೆ ಬಿಡುತ್ತದೆ. ಒಲೆಯ ಬಾಗಿಲು ತೆಗೆದು ಒಂದು ಸಲಿಕೆ ಹಿಮ ಎಸೆದೆ. ಬುಸ್ಸೆಂದು ಆವಿ ಎದ್ದಿತೇ ಹೊರತು ಕೆಂಡ ಆರಲಿಲ್ಲ.

"ಒಡಿಲೋನ್! ಲೋ ಒಡಿಲೋನ್!"

ಕುದುರೆಯ ಕೊರಳಗಂಟೆ ಕೇಳಿಸಿತು, ತೀರ ದೂರದಿಂದ.

ಹಲಗೆ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಬುದ್ಧಿ ತಿಳಿದಾಗಿನಿಂದ ಆ ದಿನ ನಾನು ಮಾಂಸವಿದ್ದ ಪಾತ್ರೆಯನ್ನೂ ಬರಿಗೈಯಲ್ಲಿ ಮುಟ್ಟಿದವಳಲ್ಲ. "ತಾಯಿ ಮರಿಯಮ್ಮ, ಸ್ವಲ್ಪ ಆ ಕಡೆ ತಿರುಗಿಕೋ" ಎಂದು ಬಟ್ಟೆಗೆ ಕೈ ಹಾಕಿದೆ. ಗಂಟು ಬಿಚ್ಚಲಾಗದೆ ಹಲ್ಲಿನಿಂದ ಎಳೆದೆ. ದಾರಕ್ಕೆ ಕಟ್ಟುವಷ್ಟು ಹೊತ್ತಿರಲಿಲ್ಲ. ಕೊಬ್ಬನ್ನು ಕೈಯಲ್ಲೇ ಹಿಡಿದು ನೊರೆಗೆ ತಾಗಿಸಿದೆ.

ಹಾಲು ಕಂಡ ಮಗುವಿನಂತೆ ನೊರೆ ಸುಮ್ಮನಾಯಿತು.

ಒಡಿಲೋನ್ ಬಂದಾಗಲೂ ನಾನು ಹಾಗೆಯೇ ನಿಂತಿದ್ದೆ. ಆವಿಗೆ ಮಣಿಕಟ್ಟು ಕೆಂಪಾಗಿತ್ತು. ಅವನು ಎರಡು ಬಕೆಟ್ ಹೊಸ ರಸ ಹುಯ್ದು, ಸೌಟಿನಿಂದ ಮೂಲೆಮೂಲೆಗೂ ತಳ ಕೆರೆದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಸೌಟು ಎತ್ತಿ ಮೂಸಿದ. ಇನ್ನೊಮ್ಮೆ ಮೂಸಿದ.

"ಸೀದಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. "ತೋಪು ಉಳೀತು. ಆದ್ರೆ ತಪ್ಪು ಮಾಡಿಬಿಟ್ಟೆ ಕಣೋ. ಹಬ್ಬದವರೆಗೂ ಈ ಪಾಕ ನಾನು ಬಾಯಿಗಿಡಲ್ಲ."

ಅವನು ಗೋಡೆಯ ಮೊಳೆಯಿಂದ ಕೆಂಪು ದಾರದ ಉಂಡೆ ತೆಗೆದ. "ಬೆಳಗ್ಗೆ ಇದನ್ನೇ ಹೇಳೋಕೆ ಹೊರಟೆ, ನೀವು ಬಿಡಲಿಲ್ಲ. ಅಣ್ಣ ಈ ದಿನಾನೂ ಕೊಬ್ಬು ಕಟ್ತಿದ್ದ. ಆದ್ರೆ ಒಂದು ತೊಟ್ಟು ರುಚಿ ನೋಡ್ತಿರಲಿಲ್ಲ. ಹಬ್ಬದ ಪೂಜೆ ಮುಗಿಯೋವರೆಗೂ ದಾರ ಕಟ್ಟಿ ಎತ್ತಿಡ್ತಿದ್ದ. 'ಡೆಲಿಮಾಗೆ ಹೇಳಬೇಡ, ಒಲೆಗೇ ನೀರು ಹುಯ್ತಾಳೆ' ಅಂತಿದ್ದ."

ಅದೆಷ್ಟು ಹಬ್ಬಗಳಲ್ಲಿ ಆ ಡಬ್ಬಿಯ ಪಾಕವನ್ನೇ ಇನ್ನಷ್ಟು ಬಡಿಸಿ ಎಂದು ತಟ್ಟೆ ಒಡ್ಡಿದ್ದೆನೋ!

"ಕಳ್ಳ" ಎಂದೆ. ಯಜಮಾನರನ್ನು ನಾನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ.

ಇಳಿಹೊತ್ತಿಗೆ ಪಾಕ ಹದಕ್ಕೆ ಬಂತು; ಸೋಸಿ ಡಬ್ಬಿಗೆ ತುಂಬಿದೆವು.

"ಮಿಲ್ಲಿನೋರಿಗೆ ಏನ್ ಹೇಳ್ಲಿ?" ಎಂದ ಒಡಿಲೋನ್.

"ಬೇರೆ ಕಡೆ ನೋಡ್ಕೊಳ್ಳಿ ಅನ್ನು. ಈಗ ಈ ದಾರ ಕಟ್ಟು, ನನ್ನ ಕೈಯೆಲ್ಲ ಅಂಟು."

"ಉಹೂಂ" ಎಂದು ಅವನು ದಾರದ ತುದಿಯನ್ನು ನನ್ನ ಬೆರಳಿಗೆ ಕೊಟ್ಟ. "ಕಾಯಿಸಿದೋರೇ ಕಟ್ಟಬೇಕು ಅತ್ತಿಗೆ."