ಮೂವತ್ತೆಂಟು ನಿಮಿಷದ ವಿಚಾರಣೆ

ಹತ್ತೊಂಬತ್ತು ವರ್ಷದಿಂದ ನಾನು ಈ ಕಾರ್ಖಾನೆಯಲ್ಲಿ ಬೇರೆಯವರ ಮಾತು ಕೇಳಿ ಟೈಪ್ ಮಾಡುತ್ತಿದ್ದೇನೆ. ಮೀಟಿಂಗು, ವಿಚಾರಣೆ, ಜಗಳ, ಎಲ್ಲವೂ ರೆಕಾರ್ಡರಿನಿಂದ ನನ್ನ ಕಿವಿಗೆ, ಕಿವಿಯಿಂದ ಬೆರಳಿಗೆ. ಪ್ರತಿ ಪುಟದ ಕೆಳಗೆ ‘ಕೇಳಿದಂತೆ ಟೈಪ್ ಮಾಡಿದ್ದೇನೆ’ ಎಂದು ಬರೆದು ಸಹಿ ಹಾಕಬೇಕು. ಆ ಸಹಿ ಇಲ್ಲದ ಕಾಗದ ದೊಡ್ಡ ಸಾಹೇಬರ ಮೇಜಿಗೆ ಹೋಗುವುದಿಲ್ಲ. ನನಗಿರುವ ಅಧಿಕಾರ ಅಷ್ಟೇ, ಅದನ್ನು ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಸೋಮವಾರ ವಿಚಾರಣಾ ಅಧಿಕಾರಿ ಒಂದು ಫೈಲು ಕಳಿಸಿದರು. ಹಬೆಯ ಪೈಪು ಒಡೆದು ಇಡೀ ದಿನ ಕೆಲಸ ನಿಂತಿತ್ತು, ತಪ್ಪನ್ನು ಬಾಯ್ಲರ್ ಮೇಸ್ತ್ರಿಯ ತಲೆಗೆ ಕಟ್ಟಿದ್ದರು. ಸಾಬೀತಾದರೆ ಅವನ ಕೆಲಸ ಹೋಗುತ್ತದೆ. ಬಾಯ್ಲರ್ ಮುಂದೆ ನಿಂತರೆ ಗೇಟಿನ ತನಕ ಕೇಳುವ ಹಾಗೆ ಕೂಗುವ ಆಸಾಮಿ ಅವನು. ಕುರ್ಚಿ ಮೇಲೆ ಕೂತ ಅಧಿಕಾರಿಯನ್ನು ಕಂಡರೆ ಮಾತ್ರ ದನಿ ಗಂಟಲಲ್ಲೇ ಉಳಿದುಬಿಡುತ್ತದೆ.

ಹೆಡ್‌ಫೋನ್ ಹಾಕಿಕೊಂಡು ಕೂತೆ. ಅಧಿಕಾರಿಯ ಪ್ರಶ್ನೆ ಗಂಟೆ ಹೊಡೆದಂತೆ ಕೇಳಿತು. ಉತ್ತರವಿಲ್ಲ. ಮುಂದಿನ ಪ್ರಶ್ನೆಗೂ ಇಲ್ಲ. ಹನ್ನೊಂದು ಪ್ರಶ್ನೆಗಳಲ್ಲಿ ಏಳಕ್ಕೆ ಉತ್ತರವೇ ಇಲ್ಲ. ಒಂದು ಪ್ರಶ್ನೆ ಮುಗಿದ ಮರುಕ್ಷಣ ಇನ್ನೊಂದು, ನಡುವೆ ಉಸಿರಾಡಲೂ ಜಾಗವಿಲ್ಲ. ಹೀಗೆ ಯಾರಾದರೂ ವಿಚಾರಣೆ ಮಾಡುತ್ತಾರೆಯೇ?

ರೆಕಾರ್ಡರನ್ನೇ ತರಿಸಿ ನೋಡಿದೆ. ಜಾಗ ಉಳಿಸಲೆಂದು ಅತಿ ಸಣ್ಣ ಎಂಪಿ3ಗೆ ಇಟ್ಟಿದ್ದರು. ಸಾಲದ್ದಕ್ಕೆ, ದನಿ ಬಂದಾಗ ಮಾತ್ರ ಓಡುವ ಗುಂಡಿಯನ್ನೂ ಒತ್ತಿದ್ದರು. ದೊಡ್ಡ ದನಿಗೆ ಯಂತ್ರ ಓಡುತ್ತದೆ, ಸಣ್ಣ ದನಿಗೆ ನಿಂತುಬಿಡುತ್ತದೆ. ಅಷ್ಟಿಷ್ಟು ಸಿಕ್ಕ ಪಿಸುಮಾತನ್ನು ಆ ಎಂಪಿ3 ನುಂಗಿ ನೀರು ಕುಡಿದಿತ್ತು. ವಿಚಾರಣೆಗೆ ವೇವ್ ಫೈಲೇ ಇರಲಿ ಎಂದು ನಾನು ಬಡಕೊಂಡಿದ್ದೆ. ಅದು ಜಾಗ ತಿನ್ನುತ್ತದೆ, ನಿಜ. ಆದರೆ ಕುರ್ಚಿ ಕಿರುಗುಟ್ಟಿದ್ದನ್ನೂ ಬಿಡದೆ ಇಟ್ಟುಕೊಳ್ಳುತ್ತದೆ. ನನ್ನ ಮಾತು ಯಾರಿಗೆ ಬೇಕಿತ್ತು!

ನೇರ ಅಧಿಕಾರಿಯ ಕೋಣೆಗೆ ಹೋದೆ.

“ಉತ್ತರ ಇಲ್ಲದ ಕಡೆ ‘ಉತ್ತರ ಕೊಡಲಿಲ್ಲ’ ಅಂತ ಹಾಕಿ, ಮುಗೀತು,” ಎಂದರು, ಕಡತದಿಂದ ತಲೆ ಎತ್ತದೆ.

“ಅವನು ಕೊಟ್ಟಿದ್ದಾನೆ ಸಾರ್. ನಿಮ್ಮ ಯಂತ್ರ ತಗೊಂಡಿಲ್ಲ.”

“ನೀವು ಅಲ್ಲಿದ್ರಾ?”

“ಇರ್ಲಿಲ್ಲ. ಫೈಲು ಮೂವತ್ತೆಂಟು ನಿಮಿಷ ಇದೆ. ರಿಜಿಸ್ಟರಲ್ಲಿ ಹತ್ತಕ್ಕೆ ಶುರು, ಹನ್ನೊಂದೂ ಹತ್ತಕ್ಕೆ ಮುಕ್ತಾಯ ಅಂತ ನೀವೇ ಬರ್ದಿದ್ದೀರಿ. ಉಳಿದ ಮೂವತ್ತೆರಡು ನಿಮಿಷ ಎಲ್ಲಿ ಹೋಯ್ತು ಸಾರ್?”

“ಬೇರೆಯವರ ಕೈಲಿ ಟೈಪ್ ಮಾಡಿಸ್ತೀನಿ ಬಿಡಿ.”

“ಮಾಡ್ಸಿ. ಯಾರು ಮಾಡಿದ್ರೂ ಮೂವತ್ತೆಂಟು ಮೂವತ್ತೆಂಟೇ.”

ಅವರ ಮುಖ ಕೆಂಪಾಯಿತು. ಏಳೂ ಕಡೆ ‘ಇಲ್ಲಿ ಯಂತ್ರ ನಿಂತಿದೆ’ ಎಂದು ಹಾಕಿ, ಕೊನೆಗೆ ಆ ಮೂವತ್ತೆರಡು ನಿಮಿಷವನ್ನೂ ಕಾಣಿಸಿ ಬೇಕಾದರೆ ಸಹಿ ಮಾಡುತ್ತೇನೆ ಎಂದೆ. ಇಲ್ಲವೇ ವಿಚಾರಣೆ ಮತ್ತೆ ನಡೆಯಲಿ. ಮೇಸ್ತ್ರಿ ಈ ಸಲವೂ ಗೊಣಗುತ್ತಾನೆ ಅಷ್ಟೇ ತಾನೆ ಎಂದು ಅಧಿಕಾರಿ ಅಂದುಕೊಂಡರೇನೋ, ಗುರುವಾರ ಮತ್ತೆ ವಿಚಾರಣೆ ನಡೆಸಲು ಒಪ್ಪಿದರು.

ಗುರುವಾರ ರೆಕಾರ್ಡರ್ ನನ್ನ ಕೈಯಲ್ಲಿತ್ತು. ವೇವ್‌ಗೆ ತಿರುಗಿಸಿ, ದನಿಗೆ ಮಾತ್ರ ಓಡಿಸುವ ಆ ಗುಂಡಿಯನ್ನು ಬಂದ್ ಮಾಡಿ, ಮೇಸ್ತ್ರಿಯಿಂದ ಒಂದು ಗೇಣು ದೂರದಲ್ಲಿ ಇಟ್ಟೆ.

“ಜೋರಾಗಿ ಮಾತಾಡ್ಬೇಕಾ ಅಕ್ಕಾ?” ಎಂದ.

“ನಿಂಗೆ ಹೇಗೆ ಬರುತ್ತೋ ಹಾಗೇ ಮಾತಾಡು.”

ಮಾತಾಡಿದ. ಪೈಪು ಸೋರುತ್ತಿದೆ ಎಂದು ಮೂರು ಸಲ ಬರೆದುಕೊಟ್ಟಿದ್ದನಂತೆ. ಯಾವ ದಿನ, ಯಾರ ಕೈಗೆ, ಎಲ್ಲವನ್ನೂ ಅದೇ ಸಣ್ಣ ದನಿಯಲ್ಲಿ ಒಂದೊಂದಾಗಿ ಹೇಳಿದ.

“ಮೂರನೇದನ್ನ ನಿಮ್ಮ ಕೈಗೇ ಕೊಟ್ಟೆನಲ್ಲ ಸಾರ್. ಹೋದ ಸಲಾನೂ ಇದನ್ನೇ ಹೇಳ್ದೆ.”

ಅಧಿಕಾರಿ ನನ್ನ ಕಡೆ ಬಾಗಿ, ತುಟಿ ಅಲ್ಲಾಡಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಹೇಳಿದರು: “ಇದೊಂದು ಬೇಡ. ಬಿಟ್ಬಿಡಿ.”

ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಇಪ್ಪತ್ತಾರನೆಯ ನಿಮಿಷದಲ್ಲಿ ಅವರ ಆ ಪಿಸುಮಾತೂ ಒಂದಕ್ಷರ ಮುಕ್ಕಾಗದೆ ಬಂದಿತ್ತು. ಅದನ್ನೂ ಟೈಪ್ ಮಾಡಿ, ಕೆಳಗೆ ಸಹಿ ಹಾಕಿ, ದೊಡ್ಡ ಸಾಹೇಬರ ಮೇಜಿಗೆ ನಾನೇ ಒಯ್ದು ಕೊಟ್ಟೆ.